ಹುಳುಮನೆಯನ್ನು ಹುಡುಕಿ ಬಂದವರು

ನಮ್ಮ ಹುಳುಮನೆಯ ಹೊಸ್ತಿಲ ಮುಂದೆ ಒಂದು ಅಗಲವಾದ ಪ್ಲಾಸ್ಟಿಕ್ ತಟ್ಟೆ ಇದೆ. ಅದರೊಳಗೆ ಮಡಿಸಿ ಹಾಕಿದ ಗೋಣಿಚೀಲ, ಚೀಲ ಮುಳುಗುವಷ್ಟು ಬ್ಲೀಚಿಂಗ್ ಪುಡಿಯ ನೀರು. ಒಳಗೆ ಹೋಗುವವರು ಯಾರೇ ಆಗಲಿ, ಎರಡು ಪಾದಗಳನ್ನೂ ಅದರಲ್ಲಿ ಊರಿ, ಕೈ ತೊಳೆದುಕೊಂಡು, ಆಮೇಲೆ ಬಾಗಿಲು ತಳ್ಳಬೇಕು. ದಿನಕ್ಕೆ ಹತ್ತು ಹದಿನೈದು ಸಲ ಈ ನೀರು ತುಳಿದು ತುಳಿದು ನನ್ನ ಹಿಮ್ಮಡಿಗಳು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿವೆ. ಮದುವೆಮನೆಗಳಲ್ಲಿ ಸೀರೆಯನ್ನು ಒಂದು ಬೆರಳಷ್ಟು ಇಳಿಸಿ ಉಟ್ಟು ಮರೆಮಾಡುತ್ತೇನೆ. ಹುಳು ಸಾಕುವವರು ಮಾತ್ರ ಹೇಗೋ ಗುರುತು ಹಿಡಿದು ತಮ್ಮ ಹಿಮ್ಮಡಿಯನ್ನೂ ಒಳಕ್ಕೆಳೆದುಕೊಳ್ಳುತ್ತಾರೆ.

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ನಮ್ಮೂರು. ಅಲ್ಲಿ ನನ್ನದೊಂದು ಚಾಕಿ ಕೇಂದ್ರ. ಗೊತ್ತಿಲ್ಲದ ಗೆಳೆಯರಿಗಾಗಿ ಹೇಳುತ್ತೇನೆ: ಮೊಟ್ಟೆಯೊಡೆದು ಬಂದ ರೇಷ್ಮೆಹುಳು ಕಣ್ಣರೆಪ್ಪೆಯ ಕೂದಲಿನಷ್ಟೇ ಇರುತ್ತದೆ. ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಕೋಣೆಯ ಬಿಸಿ ತಣ್ಣು ಕಾಯ್ದು, ಅದನ್ನು ಎರಡು ಜ್ವರ ದಾಟಿಸಿ ರೈತರ ಕೈಗೆ ಕೊಡುವುದು ನನ್ನ ಕೆಲಸ. ಪೊರೆ ಬಿಡುವ ಮುಂಚೆ ಹುಳು ಮೇವು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಒಂದು ದಿನ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ಸಲಕ್ಕೆ ಹನ್ನೊಂದು ಮನೆಗಳ ಬೆಳೆ ನನ್ನ ಒಂದೇ ಕೋಣೆಯಲ್ಲಿ, ಟ್ರೇ ಮೇಲೆ ಟ್ರೇಯಾಗಿ ಕೂತಿರುತ್ತದೆ. ಆ ಬಾಗಿಲು ತೆಗೆಯುವ ಮುಂಚೆ ಇವತ್ತಿಗೂ ಪಾದಗಳನ್ನು ಎರಡೆರಡು ಸಲ ಊರುತ್ತೇನೆ.

ಬಾಗಿಲಿನ ಮಾತು ಬಂದರೆ ನಮ್ಮಮ್ಮನ ಮಾತು ಬರಲೇಬೇಕು. ಅಮ್ಮ ವಯಸ್ಸಿನಲ್ಲಿದ್ದಾಗ ಊರಿನ ದೊಡ್ಡ ಮನೆಯೊಂದರ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಹೊರೆ ಹೊತ್ತು ತಂದು ಜಗಲಿಯ ಕೆಳಗೆ ಇಳಿಸಿದರೆ ಅವಳ ದಾರಿ ಅಲ್ಲಿಗೆ ಮುಗಿಯಿತು. “ಅಲ್ಲೇ ಹಾಕಮ್ಮ, ಹುಳಕ್ಕೆ ದೃಷ್ಟಿಯಾಗುತ್ತೆ” ಎಂದು ಒಳಗಿನಿಂದ ಯಾರಾದರೂ ಹೇಳುವರು. ಯಾರ ದೃಷ್ಟಿ, ಯಾಕಾಗುತ್ತದೆ ಎಂದು ಬಿಡಿಸಿ ಹೇಳುವ ಅಗತ್ಯ ಅವರಿಗಿರಲಿಲ್ಲ. ನಮ್ಮ ಕೇರಿಯವರಿಗೆ ಕೇಳುವ ಅಗತ್ಯವೂ ಇರಲಿಲ್ಲ. ತಾನು ಹೊತ್ತ ಸೊಪ್ಪನ್ನು ಹುಳು ಮೇಯುವ ಸದ್ದು ಗೋಡೆಯಾಚೆಯಿಂದ ಅವಳಿಗೆ ಕೇಳಿಸುತ್ತಿತ್ತಂತೆ. ಮೇಯುವ ಹುಳುವನ್ನು ಅವಳು ಕಣ್ಣಾರೆ ಕಂಡದ್ದು, ನಾನು ರೇಷ್ಮೆ ವಿಷಯದಲ್ಲಿ ಬಿ.ಎಸ್ಸಿ. ಮುಗಿಸಿ, ಈ ಕೋಣೆ ಕಟ್ಟಿಸಿ, ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ ದಿನ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಬೀಗುತ್ತಾಳೆ ಅಂದುಕೊಂಡರೆ ಅಂದುಕೊಳ್ಳಿ. ಎಷ್ಟು ಬಸ್ಸುಗಳಲ್ಲಿ ನಿಂತುಕೊಂಡು ಹೋಗಿ ಅದನ್ನು ತಂದೆನೆಂದು ನನ್ನ ಕಾಲಿಗೆ ಗೊತ್ತು.

ಆದರೆ ಪದವಿ ಗಿರಾಕಿಯನ್ನು ಕರೆತರುವುದಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಉಳಿದವರನ್ನು ಇಂಥವರ ಮಗ, ಇಂಥವರ ಅಳಿಯ ಎಂದು ಗುರುತಿಸುತ್ತಾರೆ. ಅಪ್ಪನ ಹೆಸರು ಹೇಳಿದರೆ ಯಾವ ಬಾಗಿಲೂ ತೆರೆಯದವರಿಗೆ ಈ ಕಾಲದಲ್ಲಿ ಉಳಿದಿರುವುದು ಫೋನಿನೊಳಗಿನ ಹುಡುಕಾಟವೊಂದೇ. ಅಲ್ಲಿ ಅಪ್ಪ ಯಾರೆಂದು ಕೇಳುವುದಿಲ್ಲ, ವಿಳಾಸ ಕೇಳುತ್ತಾರೆ. ಒಂದು ದಿನ ನನ್ನನ್ನು ನಾನೇ ಹುಡುಕಿ ನೋಡಿದೆ. ಚಾಕಿ ಕೇಂದ್ರ ಎಂದು ಒತ್ತಿದರೆ ದೂರದ ಮೂರು ಕೇಂದ್ರಗಳು ಬಂದವು, ಒಂದು ಗೊಬ್ಬರದ ಅಂಗಡಿಯೂ ಬಂತು, ನಾನು ಬರಲಿಲ್ಲ. ನಕ್ಷೆಯಲ್ಲಿ ನಮ್ಮ ಕೋಣೆ ಇರಬೇಕಾದ ಕಡೆ ಬರಿಯ ಬೂದುಬಣ್ಣ. ಇಷ್ಟು ಓದಿ, ಇಷ್ಟು ಕಟ್ಟಿ, ಕೊನೆಗೆ ಬೂದುಬಣ್ಣವಾಗಿಯೇ ಉಳಿದುಬಿಡುತ್ತೇನೆಯೇ ಎಂದು ಅಂದು ಹುಟ್ಟಿದ ಭಯವನ್ನು ಸಣ್ಣ ವ್ಯಾಪಾರ ಮಾಡಿದವರು ಯಾರಾದರೂ ಬಲ್ಲರು.

ಅದೇ ಸಮಯಕ್ಕೆ ಚಿಕ್ಕಬಳ್ಳಾಪುರದಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ಒಂದು ದಿನದ ತರಬೇತಿ ನಡೆಯಿತು. ಎಸ್‌ಇಓ ಎಂದು ಅದರ ಹೆಸರು. ಹುಡುಕುವವರ ಕಣ್ಣಿಗೆ ನಮ್ಮ ಅಂಗಡಿ ಬೇಗ ಬೀಳುವಂತೆ ಮಾಡಿಕೊಳ್ಳುವ ವಿದ್ಯೆ. ಬೇಕರಿಯವರು, ಟೈಲರುಗಳು, ಸೀರೆಗೆ ಕುಚ್ಚು ಕಟ್ಟುವ ಹೆಂಗಸರು, ಎಲ್ಲರ ಮುಖದಲ್ಲೂ ಅದೇ ಬೂದುಬಣ್ಣದ ಅಂಜಿಕೆ. ಕಲಿಸಲು ಬಂದಿದ್ದ ಹುಡುಗಿ ನಿಧಾನವಾಗಿ, ಚೆನ್ನಾಗಿ ಹೇಳಿದಳು. ಹೆಸರು, ಫೋನು, ವಿಳಾಸ ಎಲ್ಲ ಕಡೆಯೂ ಒಂದೇ ಥರ ಇರಲಿ. ಚಿತ್ರಗಳು ನಿಮ್ಮವೇ ಆಗಿರಲಿ. ಗಿರಾಕಿಗಳು ಪದೇ ಪದೇ ಕೇಳುವ ಪ್ರಶ್ನೆಗೆ ಅಲ್ಲೇ ಉತ್ತರ ಬರೆದಿಡಿ. “ಜಾಸ್ತಿ ಜನ ಹುಡುಕೋ ಪದ ಬೇರೆ ಮೇಡಂ, ನಿಮ್ಮೋರು ಹುಡುಕೋ ಪದ ಬೇರೆ. ನಿಮ್ಮೋರು ಹೆಂಗೆ ಮಾತಾಡ್ತಾರೋ ಹಂಗೆ ಬರೀರಿ” ಅಂದಳು. ನನ್ನ ನೋಟ್‌ಬುಕ್ಕಿನಲ್ಲಿ ನೋಡಿದರೆ “ಜಾಸ್ತಿ ಜನ ಹುಡುಕುವ ಪದ” ಎಂದಷ್ಟೇ ಬರೆದು ಎರಡು ಅಡಿಗೆರೆ ಎಳೆದಿದ್ದೇನೆ. ಪರೀಕ್ಷೆ ಬರೆದು ಬರೆದು ಮೇಲೆ ಬಂದವಳ ಕೈ ಅದು. ಎಲ್ಲಿ ದೊಡ್ಡ ಅಂಕ ಕಂಡರೂ ಅಲ್ಲಿಗೆ ಗೆರೆ ಎಳೆಯುತ್ತದೆ.

ನಮ್ಮ ಸುತ್ತ ಜಾಸ್ತಿ ಜನ ಹುಡುಕುವುದು ಚಾಕಿಯನ್ನಲ್ಲ, ಸ್ಕಂದಗಿರಿಯನ್ನು. ಮೋಡ ನೋಡಲು ಬೆಟ್ಟ ಹತ್ತಿದವರು ಇಳಿದ ಮೇಲೆ ಇನ್ನೇನಿದೆ ಎಂದು ಫೋನು ತಿರುವುತ್ತಾರೆ. ನಾನು ಇಂಗ್ಲಿಷಿನಲ್ಲಿ ಬರೆದೆ: ಸ್ಕಂದಗಿರಿಯ ಬಳಿ ನೋಡಬೇಕಾದ ಜಾಗ, ರೇಷ್ಮೆಹುಳು ಸಾಕಾಣಿಕೆ, ಎಲ್ಲರಿಗೂ ಸ್ವಾಗತ. ಈ ಕೊನೆಯ ಎರಡು ಮಾತನ್ನು ಯಾಕೆ ಸೇರಿಸಿದೆನೆಂದು ನಿಮಗೆ ಹೇಳಬೇಕಾಗಿಲ್ಲ. ಜೊತೆಗೆ ಅಮ್ಮ ಟ್ರೇ ಹಿಡಿದು ನಗುತ್ತಿರುವ ಚಿತ್ರ ಹಾಕಿದೆ. ಒಂದು ತಿಂಗಳೊಳಗೆ ನಾನು ಕಾಣತೊಡಗಿದೆ. ಎಷ್ಟು ಸಂತೋಷವಾಯಿತೆಂದರೆ ದಿನಕ್ಕೆ ನಾಲ್ಕು ಸಲ ನನ್ನನ್ನೇ ಹುಡುಕಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ, ಹುಳು ಎರಡನೇ ಜ್ವರಕ್ಕೆ ಕೂರಲು ಇನ್ನೊಂದು ದಿನವಿದ್ದಾಗ, ನಾನು ತೋಟದಲ್ಲಿದ್ದೆ. ನಾಲ್ವರು ಕಾರಿನಲ್ಲಿ ಬಂದು, ಫೋನಿನಲ್ಲಿ ಅಮ್ಮನ ಚಿತ್ರವನ್ನು ಅಮ್ಮನಿಗೇ ತೋರಿಸಿ, ಒಳಗೆ ನೋಡಬಹುದೇ ಎಂದು ಕೇಳಿದರಂತೆ. ಅಮ್ಮ ಬಾಗಿಲು ತೆಗೆದಳು. ಆ ಬಾಗಿಲಿನಿಂದ ಯಾರನ್ನಾದರೂ ಹಿಂದಕ್ಕೆ ಕಳಿಸುವುದು ಅವಳಿಂದ ಆಗುವ ಕೆಲಸವಲ್ಲ. ಬಂದವರು ತಟ್ಟೆಯನ್ನು ದಾಟಿ ಒಳಗೆ ಹೋದರು, ಹೆಚ್ಚಿಟ್ಟ ಸೊಪ್ಪಿನೊಳಗೆ ಕೈಯಾಡಿಸಿದರು, ಹುಳುವನ್ನು ಅಂಗೈಗೆ ಹಾಕಿಕೊಂಡು ಚಿತ್ರ ತೆಗೆದುಕೊಂಡರು. ನಾನು ಬಂದಾಗ ಹೊರಟು ನಿಂತಿದ್ದರು. ಒಳ್ಳೆಯ ಜನ, ಕೈ ಮುಗಿದು ಹೋದರು. ಬಾಗಿಲು ತಳ್ಳಿದವಳಿಗೆ ವಾಸನೆ ಮೂಗಿಗೆ ಬಡಿಯಿತು. ಬೆಟ್ಟ ಹತ್ತುವವರು ಕೈಕಾಲಿಗೆ ಬಳಿದುಕೊಳ್ಳುವ ಸೊಳ್ಳೆ ಮುಲಾಮು. ಮನುಷ್ಯನಿಗೆ ಅದು ಸುವಾಸನೆ. ಸೊಳ್ಳೆಯನ್ನು ಓಡಿಸುವುದು ರೇಷ್ಮೆಹುಳುವನ್ನು ಸುಮ್ಮನೆ ಬಿಡುವುದಿಲ್ಲ.

ಕಿಟಕಿಗಳನ್ನು ತೆಗೆದೆ, ಹೆಚ್ಚಿದ ಸೊಪ್ಪನ್ನೆಲ್ಲ ಹೊರಗೆ ಎಸೆದೆ. ಮಧ್ಯಾಹ್ನಕ್ಕೆ ಬಾಗಿಲ ಬದಿಯ ಸಾಲಿನಲ್ಲಿ ಹುಳು ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿತು. ಕೆಲವು ಬಾಯಿಂದ ಹಸಿರು ನೀರು ಕಾರಿದವು. ಅದನ್ನು ಬಗ್ಗಿ ನೋಡುತ್ತಿದ್ದಾಗಲೇ ಸೊಂಟದಲ್ಲಿದ್ದ ಫೋನು ಸದ್ದು ಮಾಡಿತು. ಬಂದು ಹೋದವರು ಐದು ನಕ್ಷತ್ರ ಕೊಟ್ಟಿದ್ದರು. “ತುಂಬ ಪ್ರೀತಿಯ ಜನ, ತಪ್ಪದೆ ನೋಡಿ” ಎಂದು ಬರೆದಿದ್ದರು.

ಆ ಸಾಲಿನ ಟ್ರೇಗಳನ್ನೆಲ್ಲ ಅಮ್ಮನೂ ನಾನೂ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಮಾರನೆಯ ದಿನ ಉಳಿದ ಹುಳು ಜ್ವರಕ್ಕೆ ಕೂತಿತು. ಜ್ವರದ ಹುಳು ಸಹ ತಲೆ ಎತ್ತಿಯೇ ಕೂರುತ್ತದೆ, ಅಲ್ಲಾಡುವುದಿಲ್ಲ ಅಷ್ಟೇ. ಲಕ್ಷಾಂತರ ಹುಳುಗಳು ತಲೆ ಎತ್ತಿಕೊಂಡು ನಿಂತ ಕೋಣೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಯಾವುದಾದರೂ ಒಂದು ಅಲ್ಲಾಡಿತೇ ಎಂದು ಒಂದಿಡೀ ದಿನ ನೋಡಿದ್ದೇನೆ. ಕಣ್ಣು ದಣಿದಾಗ ಎಲ್ಲವೂ ಅಲ್ಲಾಡಿದಂತೆ ಕಂಡವು. ಜ್ವರ ಬಿಟ್ಟು ಹುಳು ಎದ್ದಾಗ ಚೆನ್ನಾಗಿಯೇ ಇತ್ತು, ಸೊಪ್ಪಿಗೆ ಬಾಯಿ ಹಾಕಿತು. ಆದರೆ ಈ ವಿಷಕ್ಕೊಂದು ಗುಣವಿದೆ. ತೀರ ಸ್ವಲ್ಪ ತಾಗಿದ್ದರೆ ಹುಳು ಬೆಳೆಯುತ್ತದೆ, ಮೇಯುತ್ತದೆ, ಕೊನೆಗೆ ಗೂಡು ಮಾತ್ರ ಕಟ್ಟುವುದಿಲ್ಲ. ರೈತ ತೋಟದ ಸೊಪ್ಪೆಲ್ಲ ಸುರಿದ ಮೇಲೆ ಗೊತ್ತಾಗುವ ಸಂಗತಿ ಅದು.

ಬುಧವಾರ ಬೆಳಿಗ್ಗೆ ಹುಳು ಒಯ್ಯಲು ಹನ್ನೊಂದು ಮನೆಯವರೂ ಬಂದರು. ಹೇಳದೆ ಕೊಟ್ಟುಬಿಡಬಹುದಿತ್ತು; ಹುಳು ಮೇಯುತ್ತಿತ್ತು, ಗುಂಡಿ ಮುಚ್ಚಿತ್ತು. ಈ ಯೋಚನೆ ಬರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಬಾಗಿಲಿಗೆ ಅಡ್ಡ ನಿಂತು ಎಲ್ಲ ಹೇಳಿದೆ.

“ಮಿಕ್ಕಿದ್ದು ಹೆಂಗವೆ?” ಎಂದು ಕೇಳಿದವರು ನರಸಮ್ಮಕ್ಕ, ಮಂಚೇನಹಳ್ಳಿ ಕಡೆಯಿಂದ ಬಂದು ನಮ್ಮೂರಿನಲ್ಲಿ ನೆಲೆಸಿದ ಹಿರಿಯ ಹೆಂಗಸು.

“ಎದ್ದವೆ ಅಕ್ಕ, ಮೇಯ್ತಾ ಅವೆ. ಆದ್ರೆ ಗೂಡು ಕಟ್ಟೋಗಂಟ ನಾನು ಗ್ಯಾರಂಟಿ ಕೊಡಕ್ಕಾಗಲ್ಲ.”

“ಗೂಡು ಕಟ್ಟೋಗಂಟ ದೇವ್ರೂ ಕೊಡಲ್ಲ, ನೀನ್ಯಾವಳೇ ಕೊಡಕ್ಕೆ? ತಾ ಇತ್ಲಾಗೆ” ಎಂದು ತಮ್ಮ ಬುಟ್ಟಿ ಮುಂದೆ ಚಾಚಿದರು. ಅವರ ಹಿಂದೆ ಇನ್ನೂ ಎಂಟು ಮನೆಯವರು ತೆಗೆದುಕೊಂಡರು. ಉಳಿದವರು ಆಂಜಿನಪ್ಪನವರು ಮತ್ತು ಅವರ ಬಾಮೈದ. ಆಂಜಿನಪ್ಪನವರೆಂದರೆ ಅಮ್ಮ ಸೊಪ್ಪು ಇಳಿಸುತ್ತಿದ್ದ ಆ ದೊಡ್ಡ ಮನೆಯ ಮಗ. ಕೇಂದ್ರ ತೆರೆದಾಗ ನನ್ನಲ್ಲಿ ಮೊದಲು ಹುಳು ಕೊಂಡವರೂ ಅವರೇ.

“ಓದಿದೋಳು ಅಂತ ನಿನ್ನ ಹತ್ರ ಬಂದ್ವಿ ಕಣಮ್ಮ,” ಅಂದರು. “ನೀನೇ ಹುಳದ ಮನೇನ ಟೂರಿಸ್ಟ್ ಪ್ಲೇಸ್ ಮಾಡ್ಕೊಂಡು ಕೂತ್ರೆ ಏಂ ಚೇದ್ದಾಂ, ಏನ್ ಮಾಡಾನ ಹೇಳು? ನಮ್ಮಪ್ಪ ಒಂದು ನರಪಿಳ್ಳೇನೂ ಒಳಕ್ಕೆ ಬಿಡ್ತಿರ್ಲಿಲ್ಲ.”

ಅಮ್ಮ ಅಂಗಳ ಗುಡಿಸುತ್ತಿದ್ದವಳು ತಲೆ ಎತ್ತಿದಳು. “ಹೌದಪ್ಪ, ನಂಗೊತ್ತು” ಅಂದಳು.

ಆಂಜಿನಪ್ಪನವರು ಬರಿಯ ಬುಟ್ಟಿ ಹಿಡಿದು ಹೊರಟರು. ಅವರು ಹೇಳಿದ್ದು ಸುಳ್ಳಲ್ಲ ಎಂಬುದೇ ನನ್ನನ್ನು ತಿಂದಿತು. ಹಳೆಯ ಹುಳುಮನೆಗಳ ಬಾಗಿಲಿಗೆ ಎರಡು ಚಿಲಕಗಳಿದ್ದವು: ಒಂದು ಹುಳುವಿನ ಕ್ಷೇಮಕ್ಕೆ, ಇನ್ನೊಂದು ನಮ್ಮಂಥವರಿಗೆ. ನಮಗೆಂದು ಹಾಕಿದ್ದನ್ನು ಕಿತ್ತೊಗೆಯುವ ಆತುರದಲ್ಲಿ ನಾನು ಹುಳುವಿನದನ್ನೂ ಕಿತ್ತೆ. ಅಂದು ಮಧ್ಯಾಹ್ನ ಫೋನಿನಿಂದ ಸ್ಕಂದಗಿರಿಯನ್ನೂ ಸ್ವಾಗತವನ್ನೂ ಅಳಿಸಿದೆ. ಅಮ್ಮನ ಚಿತ್ರ ಅಳಿಸಲು ಕೈ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಕಾಣದೆ ಹೋಗುವ ಹಳೆಯ ಭಯದ ಜಾಗದಲ್ಲಿ ಕಂಡುಬಿಡುವ ಭಯ ಬಂದು ಕೂತಿತು. ನಮ್ಮ ಕಡೆ ಹುಳು ಹೇಗಿದೆ ಎಂದು ನೇರವಾಗಿ ಕೇಳಬಾರದು, ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲೂಬಾರದು. ಸೊಪ್ಪು ಸಾಕಾಯಿತೇ ಎಂದು ಕೇಳಬೇಕು. ಸಾಲದು ಎಂದರೆ ಹುಳು ಚೆನ್ನಾಗಿ ಮೇಯುತ್ತಿದೆ ಎಂದು ತಿಳಿಯಬೇಕು. ಒಂಬತ್ತು ಮನೆಗಳಿಗೂ ದಿನ ಬಿಟ್ಟು ದಿನ ಫೋನು ಮಾಡಿ ಸೊಪ್ಪು ವಿಚಾರಿಸಿದೆ. ಅವರ ಫೋನು ತಾನಾಗಿ ಬಂದರೆ ಮಾತ್ರ, ಎತ್ತುವ ಮುಂಚೆ ಅಮ್ಮನನ್ನು ಹತ್ತಿರ ಕರೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ತಿಂಗಳು ತಿರುಗಿತು. ಹೊಸ ತಿಂಗಳಿನಲ್ಲಿ ಫೋನು ಒಂದು ಪಟ್ಟಿ ತೋರಿಸುತ್ತದೆ: ಹಿಂದಿನ ತಿಂಗಳು ಯಾವ ಯಾವ ಮಾತುಗಳನ್ನು ಹುಡುಕಿದವರಿಗೆ ನಮ್ಮ ಅಂಗಡಿ ಕಾಣಿಸಿತು ಎಂದು. ಯಾರು, ಯಾವ ಊರು, ಯಾವ ದಿನ ಎಂಬುದೇನೂ ಇರುವುದಿಲ್ಲ. ಮೇಲುಗಡೆ ಎಲ್ಲ ಸ್ಕಂದಗಿರಿಯೇ. ಕೊನೆಯಲ್ಲಿ, ಕನ್ನಡದಲ್ಲಿ, ಒಂದು ಸಾಲು: “ಹುಳ ತಲೆ ಆಡಿಸ್ತಾ ಇದೆ ಏನ್ ಮಾಡ್ಬೇಕು.”

ಪಟ್ಟಿಯನ್ನು ಅಲ್ಲಿಗೇ ಬಿಟ್ಟು ಒಂಬತ್ತು ಮನೆಗಳಿಗೂ ಫೋನು ಮಾಡಿದೆ. ನರಸಮ್ಮಕ್ಕ “ಸೊಪ್ಪು ಎಲ್ಲಿ ಸಾಲ್ತದೆ ಮಾರಾಯ್ತಿ, ಬೆಳಿಗ್ಗೆ ತಾನೇ ಹೇಳಿದ್ನಲ್ಲ” ಎಂದು ಗದರಿದರು. ಉಳಿದ ಎಂಟು ಮನೆಗಳಲ್ಲೂ ಸೊಪ್ಪು ಸಾಲದು. ಆಂಜಿನಪ್ಪನವರ ಬಾಮೈದ ಈ ಸಲ ಹುಳುವನ್ನೇ ಸಾಕಿರಲಿಲ್ಲ. ಕೊನೆಗೆ ಉಳಿದದ್ದು ಒಂದು ಮನೆ. ಬೇರೆ ಕೇಂದ್ರದಿಂದ ಹುಳು ತಂದವರಿಗೆ ಫೋನು ಮಾಡುವ ಹಕ್ಕು ನನಗಿದೆಯೇ ಎಂದು ಅನುಮಾನಿಸುತ್ತಲೇ ಮಾಡಿದೆ.

“ಆಂಜಿನಪ್ಪಣ್ಣ, ಸೊಪ್ಪು ಸಾಕಾಯ್ತಾ?”

“ಸೊಪ್ಪು ಮಿಕ್ಕೋಯ್ತು ಕಣಮ್ಮ” ಅಂದರು. “ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡ್ದವ್ರೆ, ಗಾಳಿ ನಮ್ಮ ಕಡೆಗೆ. ಮಗಳು ಫೋನಲ್ಲಿ ಹುಡುಕಿದ್ಲು. ನಿಂದೇ ಬಂತು, ನಿಮ್ಮಮ್ಮ ಟ್ರೇ ಹಿಡ್ಕೊಂಡು ನಗ್ತಾ ನಿಂತವ್ರೆ.”

“ನಂಬರ್ ಇತ್ತಲ್ಲಣ್ಣ ಅದ್ರಾಗೆ.”

“ಇತ್ತು. ಬೇಡ ಅಂತ ಎದ್ದು ಬಂದೋನು ಯಾವ ಮುಖ ಇಟ್ಕೊಂಡು ಮಾಡ್ಲಿ?”

ಕಿಟಕಿ ತೆಗೆದು, ಹಾಸಿನ ಸೊಪ್ಪನ್ನೆಲ್ಲ ಬದಲಿಸಿ, ಬೇರೆ ತೋಟದ ಶುದ್ಧವಾದ ಸೊಪ್ಪು ಹಾಕಿದ್ದರೆ ಅರ್ಧವಾದರೂ ಉಳಿಯುತ್ತಿತ್ತೋ ಏನೋ. ಅದನ್ನು ಅವರಿಗೆ ಹೇಳಲಿಲ್ಲ. ಹೇಳುವ ಹೊತ್ತು ಮೀರಿತ್ತು. ಅವರು ನನ್ನನ್ನು ಹುಡುಕಿದ್ದರು, ನಾನು ಸಿಕ್ಕಿದ್ದೆ, ಸಿಕ್ಕಿದ ಕಡೆ ಉತ್ತರವಿರಲಿಲ್ಲ. ಮೊದಲು ಕಾಣಿಸಬೇಕೆಂದು ಅಷ್ಟು ಪಾಡು ಪಟ್ಟವಳು, ಕಂಡ ಮೇಲೆ ಅವರಿಗೆ ಕೊಡುವುದೇನೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಅಂದೇ ಕೂತು ಬರೆದೆ. ಹುಳ ತಲೆ ಆಡಿಸಿದರೆ ಏನು ಮಾಡಬೇಕು, ಹಸಿರು ಕಾರಿದರೆ ಏನು, ಪಕ್ಕದವರು ಔಷಧಿ ಹೊಡೆಯುವ ಮುಂಚೆ ಅವರಲ್ಲಿ ಏನು ಕೇಳಿಕೊಳ್ಳಬೇಕು, ಎಲ್ಲವನ್ನೂ ನಮ್ಮವರು ಕೇಳುವ ಮಾತಿನಲ್ಲೇ. ಕೊನೆಗೆ, “ನಮ್ಮಲ್ಲಿ ಹುಳ ತಗೊಳ್ಳದೇ ಇರೋರೂ ಫೋನ್ ಮಾಡಬಹುದು” ಎಂದು ಸೇರಿಸಿ ಅಮ್ಮನಿಗೆ ಓದಿ ಹೇಳಿದೆ.

“ಮಾಡಬಹುದು ಅಂದ್ರೆ ಯಾರೂ ಮಾಡಲ್ಲ,” ಅಂದಳು ಅಮ್ಮ. “ಮಾಡಿ ಅಂತ ಬರಿ.”

ಹಾಗೆಯೇ ಬರೆದೆ. ಒಂಬತ್ತು ಮನೆಗಳ ಹುಳು ಹಣ್ಣಾಗಿ, ಮೇವು ಬಿಟ್ಟು ಗೂಡು ಕಟ್ಟಲು ಇನ್ನು ನಾಲ್ಕು ದಿನವಿದೆ. ಫೋನು ಸದ್ದು ಮಾಡಿದರೆ ಈಗಲೂ ಹೆದರಿಕೆಯಾಗುತ್ತದೆ. ಸದ್ದೇ ಮಾಡದಿದ್ದಾಗ, ಇದೇ ಹೊತ್ತಿನಲ್ಲಿ ಯಾವ ಮನೆಯಲ್ಲಿ ಯಾರು ನನ್ನ ನಂಬರನ್ನು ಕಣ್ಣೆದುರಿಗಿಟ್ಟುಕೊಂಡು ಒತ್ತದೆ ಕೂತಿದ್ದಾರೋ ಎಂದು, ಅದಕ್ಕಿಂತ ಹೆಚ್ಚು ಹೆದರುತ್ತೇನೆ.