ಹಳೆಯ ವಿಳಾಸ

ನಮ್ಮ ಅತ್ತಿಗೆ ಗ್ರಂಥಾಲಯದ ವೆಬ್‌ಸೈಟ್ ನೋಡಿಕೊಳ್ಳುತ್ತಾರೆ. ಹೊಸ ವಿನ್ಯಾಸ ಬಂದಾಗ ಅದರ ಪುಟಗಳ ವಿಳಾಸಗಳೆಲ್ಲ ಬದಲಾದವು. ಮರುದಿನವೇ ಮರಗೆಲಸದ ಮೇಷ್ಟ್ರು ಓಡಿಬಂದರು. ಆ ವೆಬ್‌ಸೈಟಿನಲ್ಲಿ ಹಾಕಿದ್ದ ಅವರ ಪಾಠಗಳು ಶಿಷ್ಯರು ಬರೆದಿಟ್ಟುಕೊಂಡ ವಿಳಾಸದಲ್ಲಿ ತೆರೆಯುತ್ತಿರಲಿಲ್ಲ.

“ಪರೀಕ್ಷೆಗೆ ಇನ್ನೊಂದೇ ವಾರ. ನಿಮ್ಮ ಅಲಂಕಾರ ನೋಡ್ಕೊಂಡು ಬರೀತಾರಾ ತಾಯಿ?”

“ಹೊಸ ವಿಳಾಸ ಹೇಳಿಕಳಿಸಿ,” ಎಂದರು ಅತ್ತಿಗೆಯ ಮೇಲಧಿಕಾರಿ.

“ಊರೂರಲ್ಲಿರೋರಿಗೆ ಯಾರು ಹೇಳ್ತಾರೆ ಸಾರ್? ಮನೆ ಬದಲಾಯಿಸಿದ್ರೆ ಹಳೇ ಬಾಗಿಲಿಗೆ ಚೀಟಿ ಅಂಟಿಸಿ ಬರಲ್ವಾ?” ಎಂದರು ಅತ್ತಿಗೆ.

ಅತ್ತಿಗೆ ದೇವರನ್ನು ನೆನೆದು ಕುಳಿತು, ಹಳೆಯ ವಿಳಾಸ ಒತ್ತಿದವರನ್ನು ಹೊಸ ಪುಟಕ್ಕೆ ಕಳಿಸುವಂತೆ ಸರ್ವರ್‌ಗೆ ಆರುನೂರು ಸೂಚನೆಗಳನ್ನು ಒಂದೊಂದಾಗಿ ಬರೆದರು. ಮೂರು ದಿನ ಹಿಡಿಯಿತು.

ನಾಲ್ಕನೆಯ ದಿನ ಮೇಷ್ಟ್ರು ಗ್ರಂಥಾಲಯದಲ್ಲಿದ್ದಾಗಲೇ ಅವರ ಶಿಷ್ಯನೊಬ್ಬನ ಫೋನು ಬಂತು. “ಮೇಷ್ಟ್ರೇ, ಪಾಠ ತೆರೀತು! ಎರಡನೇ ಚಿತ್ರ ಅರ್ಥ ಆಗ್ತಿಲ್ಲ.”

ಮೇಷ್ಟ್ರು ಅತ್ತಿಗೆಯ ಕುರ್ಚಿ ಎಳೆದುಕೊಂಡು ಕುಳಿತು ವಿವರಿಸತೊಡಗಿದರು.