ಅಜ್ಜಿಗೆ ಮಾತಾಗಿದ್ದ ಹಾಡು

ರಾಮನಾಥಪುರದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಹೊಗೆಸೊಪ್ಪು ಬೇಯಿಸುವ ವಾಸನೆ ಕಿಟಕಿಯಿಂದ ನುಗ್ಗಿದರೆ ನನಗೆ ಅಜ್ಜಿಯ ದನಿ ಕೇಳಿಸುತ್ತದೆ. ನಿಮ್ಮ ಮನೆಯಲ್ಲೂ ಅಂಥದೊಂದು ದನಿ ಇದ್ದಿರಬಹುದು. ಅವಳು ನನ್ನ ಅವ್ವನ ತಾಯಿ, ನಮ್ಮ ಜೊತೆಯಲ್ಲೇ ಇದ್ದಳು. ತೊಂಬತ್ತರ ದಶಕದ ಆ ದಿನಗಳಲ್ಲಿ ಹೆಂಗಸರೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಕುಳಿತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರೆ, ಅಂಟು ಹಿಡಿದು ಕಪ್ಪಾದ ಬೆರಳುಗಳನ್ನು ನಿಲ್ಲಿಸದೆ ಅಜ್ಜಿ ಕಥೆ ಹಾಡುತ್ತಿದ್ದಳು. ದೂರದೂರಿಗೆ ಕೊಟ್ಟ ಮಗಳೊಬ್ಬಳು ಅತ್ತೆಯ ಕಾಟ ತಾಳದೆ ಕಾಡುದಾರಿಯಲ್ಲಿ ತವರಿಗೆ ನಡೆದು ಬರುವ ಕಥೆ. ಪ್ರತಿ ಸಾಲಿನ ಕೊನೆಗೆ ಅವ್ವ ಪಲ್ಲವಿಯಂಥ ಸೊಲ್ಲು ಸೇರಿಸುತ್ತಿದ್ದಳು. ಹಾಡದೆ ಬರೀ ಮಾತಲ್ಲಿ ಹೇಳು ಎಂದು ನಾನು ಕಾಡಿದರೆ ಅಜ್ಜಿ ತಡವರಿಸಿ, "ಅಂಗೆ ಬರಾಕಿಲ್ಲ ಕಣವ್ವ, ರಾಗ ಇಡುದ್ರೇ ಮಾತು ಬರಾದು" ಅನ್ನುತ್ತಿದ್ದಳು.

ನಾನು ಏಳನೇ ತರಗತಿಯಲ್ಲಿದ್ದಾಗ ಅಜ್ಜಿಗೆ ಲಕ್ವ ಹೊಡೆಯಿತು. ಹಾಸನದ ಆಸ್ಪತ್ರೆಯಿಂದ ಮನೆಗೆ ಬಂದವಳಿಗೆ ಬಲಗೈ ಏಳುತ್ತಿರಲಿಲ್ಲ, ಮಾತೂ ಹೊರಡುತ್ತಿರಲಿಲ್ಲ. ನನ್ನ ಹೆಸರು ಬಾಯಿಗೆ ಬರದೆ ಕಣ್ಣು ತುಂಬಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅವ್ವ ಅವಳ ತಲೆ ಬಾಚುತ್ತ ತನ್ನ ಪಾಡಿಗೆ ಸೊಲ್ಲು ಗುನುಗಿದಳು. ಅಜ್ಜಿಯ ಸೊಟ್ಟ ಬಾಯಿಂದ, ರಾಗದ ಬೆನ್ನು ಹತ್ತಿ, ಕಾಡುದಾರಿಯ ಮಗಳ ಸಾಲು ಹೊರಟಿತು: "ನಾಲಿಗೆ ಒಣಗೀತು ನನ್ನವ್ವ, ನೀರಿನ ನೆಲೆಯೆಲ್ಲಿ ತೋರವ್ವ." ಅವ್ವ ಬಾಚಣಿಗೆ ಕೆಳಗಿಟ್ಟು ಓಡಿಹೋಗಿ ನೀರು ತಂದಳು. ಅಜ್ಜಿ ಚೊಂಬು ಖಾಲಿ ಮಾಡಿದಳು.

ಅಂದಿನಿಂದ ಆ ಕಥೆಯೇ ಅವಳ ಮಾತಾಯಿತು. ಅವ್ವ ರಾಗ ಎತ್ತಿಕೊಟ್ಟರೆ ಹಸಿವಿಗೊಂದು ಸಾಲು, ಚಳಿಗೊಂದು ಸಾಲು ಬರುತ್ತಿತ್ತು. ಸಿಟ್ಟು ಬಂದರೆ ಅತ್ತೆಯನ್ನು ಬಯ್ಯುವ ಸಾಲು. ಆಗ ಅವ್ವ ಬಿದ್ದು ಬಿದ್ದು ನಗುತ್ತಿದ್ದಳು.

ಮರುವರ್ಷದ ಮಳೆಗಾಲದಲ್ಲಿ ಅವ್ವ ಕಾಮಾಲೆಯಿಂದ ತೀರಿಕೊಂಡಳು. ಅವಳನ್ನು ಜಗುಲಿಯಲ್ಲಿ ಮಲಗಿಸಿದ ಮೇಲೆ ಅಜ್ಜಿಯನ್ನು ಎತ್ತಿ ತಂದು ಪಕ್ಕದಲ್ಲಿ ಕೂರಿಸಿದರು. ಎಲ್ಲರೂ ಅಳುತ್ತಿದ್ದರು, ಅಜ್ಜಿ ಬಾಯಿ ತೆರೆದು ಮುಚ್ಚುತ್ತಿದ್ದಳು. ತಡೆಯಲಾಗದೆ ನಾನೇ ಸೊಲ್ಲು ಎತ್ತಿದೆ. ಅಜ್ಜಿ ಮಗಳ ಹಳದಿಗಟ್ಟಿದ ಪಾದದ ಮೇಲೆ ಎಡಗೈ ಇಟ್ಟು ರಾಗ ಹಿಡಿದಳು. ಸಾಲು ಬರಲಿಲ್ಲ. ಆ ಕಥೆಯಲ್ಲಿ ಮಗಳು ಕೊನೆಗೆ ತವರು ಸೇರುತ್ತಾಳೆ, ತಾಯಿ ಬಾಗಿಲಲ್ಲೇ ಅವಳ ಕಾಲು ತೊಳೆಯುತ್ತಾಳೆ. ಮಗಳನ್ನು ಮಣ್ಣಿಗಿಡುವ ತಾಯಿ ಅದರಲ್ಲಿ ಎಲ್ಲೂ ಇಲ್ಲ. ಅಜ್ಜಿ ರಾಗವನ್ನು ಮತ್ತೆ ಮತ್ತೆ ಮೊದಲಿಂದ ಎತ್ತಿ ಹುಡುಕಿದಳು.

"ಸಾಕು ಬುಡವ್ವ, ಒತ್ತಾಯ್ತು" ಎಂದು ಸೋದರಮಾವ ಮೆಲ್ಲಗೆ ಅವಳ ಕೈ ಬಿಡಿಸಿದ.

ಸಂಕ್ರಾಂತಿಯ ಹೊತ್ತಿಗೆ ಅಜ್ಜಿಯೂ ಹೋದಳು. ಅಲ್ಲಿಯವರೆಗೆ ನಾನು ಎಷ್ಟು ಸಲ ಸೊಲ್ಲು ಎತ್ತಿದರೂ ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು.