ಅಮೋನಿಯಾ ಎಂಜಿನ್ ನೋಡಲು ಕಾರ್ಕಳಕ್ಕೆ

ಬೆಳಿಗ್ಗೆ ಏಳೂಕಾಲಿಗೆ ಕಾಪುವಿನಲ್ಲಿ ಉಡುಪಿಯ ಬಸ್ಸು ಹತ್ತಿದೆ. ಕಾರ್ಕಳದಲ್ಲಿ ಗೃಹಪ್ರವೇಶ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದೆ. ಹೊರಟದ್ದು ವಾಮನನ ಎಂಜಿನ್ ನೋಡಲು. ಅದು ಓಡದಿದ್ದರೆ ಒಳ್ಳೆಯದಿತ್ತು ಎಂಬ ಆಸೆಯೂ ಮನಸ್ಸಿನಲ್ಲಿತ್ತು.

ವಾಮನ ಮತ್ತು ನಾನು ಮಲ್ಪೆಯ ಐಸ್ ಪ್ಲಾಂಟ್ ಒಂದರಲ್ಲಿ ಒಂಬತ್ತು ವರ್ಷ ಒಟ್ಟಿಗೆ ದುಡಿದವರು. ಅಲ್ಲಿ ನೀರನ್ನು ಗಡ್ಡೆ ಕಟ್ಟಿಸುವುದು ಅಮೋನಿಯಾ ಅನಿಲ. ಅದರ ಕಂಪ್ರೆಸರ್ ನೋಡಿಕೊಳ್ಳುವುದು ನಮ್ಮ ಕೆಲಸ. ಒಂದು ದಿನ ಚಹಾ ಕುಡಿಯುವಾಗ, ಈ ಅಮೋನಿಯಾ ಉರಿಯುತ್ತದೆ, ಡೀಸೆಲ್ ಜೊತೆ ಬೆರೆಸಿದರೆ ಬೋಟಿನ ಎಂಜಿನ್ನೂ ಓಡೀತು ಎಂದು ನಾನೇ ಹೇಳಿದ್ದೆ. ಎಲ್ಲಿಯೋ ಓದಿದ್ದ ಮಾತು. ಎರಡು ವರ್ಷದ ಮೇಲೆ ಅವನು ಕೆಲಸ ಬಿಟ್ಟು ಕಾರ್ಕಳದಲ್ಲಿ ವರ್ಕ್‌ಶಾಪ್ ಹಾಕಿದ. ನಾನು ಐಸ್ ಪ್ಲಾಂಟಿನಲ್ಲೇ ಉಳಿದೆ. ಹೋದ ತಿಂಗಳು ಪೇಪರಿನಲ್ಲಿ ಎಂಜಿನ್ ಪಕ್ಕ ನಿಂತ ಅವನ ಫೋಟೋ ಬಂತು. ಆ ಪುಟವನ್ನು ಹೆಂಡತಿಗೆ ಕಾಣದಂತೆ ಮಡಚಿ ಇಟ್ಟೆ.

ಉಡುಪಿಯಲ್ಲಿ ಇಳಿದು ಬಾಳೆಹಣ್ಣಿನ ಬನ್ಸ್ ತೆಗೆದುಕೊಂಡೆ. ಒಳ್ಳೆಯ ಬನ್ಸ್, ಆದರೆ ಅರ್ಧಕ್ಕೇ ಬಿಟ್ಟು ಎದ್ದೆ. ಇನ್ನೊಂದು ಬಸ್ಸು ಹಿಡಿದು ಮಣಿಪಾಲಕ್ಕೆ ಹೋದೆ. ವಾಮನನ ಎಂಜಿನ್ ಪರೀಕ್ಷೆಗೆ ಹೊರಟಿದ್ದ ಶ್ವೇತಾ ಎಂಬ ಎಂಜಿನಿಯರಿಂಗ್ ಅಧ್ಯಾಪಕಿ ತಮ್ಮ ಕಾರಿನಲ್ಲಿ ನನ್ನನ್ನೂ ಕರೆದೊಯ್ಯುವುದೆಂದು ನೋಡಲು ಬಾ ಎಂದು ಕರೆದ ಅವನೇ ಫೋನಿನಲ್ಲಿ ಏರ್ಪಾಡು ಮಾಡಿದ್ದ.

ಮಣಿಪಾಲದಿಂದ ಕಾರ್ಕಳಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಹಿರಿಯಡ್ಕ ದಾಟುವವರೆಗೂ ಶ್ವೇತಾ ವಾಮನನನ್ನೇ ಹೊಗಳಿದರು.

"ಅಮೋನಿಯಾದಲ್ಲಿ ಇಂಗಾಲ ಇಲ್ಲ, ಹಾಗಾಗಿ ಅದು ಉರಿದರೆ ಕಪ್ಪು ಹೊಗೆ ಇಲ್ಲ. ಆದರೆ ಬೇಗ ಬೆಂಕಿ ಹಿಡಿಯುವುದಿಲ್ಲ, ಡೀಸೆಲ್ ಕಿಡಿ ಕೊಡಬೇಕು. ಅವರು ಅದನ್ನು ಕೈಯಳತೆಯಲ್ಲೇ ಹೊಂದಿಸಿದ್ದಾರೆ. ಐಸ್ ಪ್ಲಾಂಟಿನಲ್ಲಿದ್ದಾಗ ಹೊಳೆದದ್ದಂತೆ."

"ಹೌದಾ?" ಎಂದೆ. ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ಹೊರಗೆ ಎಂತ ಇತ್ತೆಂದು ಈಗ ನೆನಪಿಲ್ಲ.

ವರ್ಕ್‌ಶಾಪ್ ಬಜಗೋಳಿ ರಸ್ತೆಯಲ್ಲಿತ್ತು. ವಾಮನ ಓಡಿ ಬಂದು ನನ್ನ ಹೆಗಲು ಹಿಡಿದ. "ಬಂದೆಯಲ್ಲ ಮಾರಾಯ. ನೀನು ಬರುವುದಿಲ್ಲ ಅಂತ ನಾನು ಎಣಿಸಿದ್ದೆ."

ಅಂಗಳದಲ್ಲಿ ಹಳೆಯ ಬೋಟಿನ ಎಂಜಿನ್ ಒಂದನ್ನು ಕಾಂಕ್ರೀಟಿಗೆ ಬಿಗಿದಿದ್ದರು. ಪಕ್ಕದ ಸಿಲಿಂಡರಿನಿಂದ ಬಂದ ಅಮೋನಿಯಾ ಕೊಳವೆ, ಎಂಜಿನ್ ಗಾಳಿ ಎಳೆಯುವ ಬಾಯಿಗೆ ಸೇರಿತ್ತು. ವಾಮನ ಮೊದಲು ಬರೀ ಡೀಸೆಲ್‌ನಲ್ಲಿ ಓಡಿಸಿದ. ಕಪ್ಪು ಹೊಗೆ ಬಂತು. ಆಮೇಲೆ ಸಿಲಿಂಡರಿನ ತಿರುಪನ್ನು ನಿಧಾನವಾಗಿ ಬಿಚ್ಚಿದ. ಎಂಜಿನ್ನಿನ ಸದ್ದು ಸ್ವಲ್ಪ ದಪ್ಪವಾಯಿತು, ಹೊಗೆ ತೆಳುವಾಗುತ್ತಾ ಹೋಯಿತು, ಅಳತೆಯ ಗಾಜಿನ ನಳಿಗೆಯಲ್ಲಿ ಡೀಸೆಲ್ ಇಳಿಯುವ ವೇಗ ಕಡಿಮೆಯಾಯಿತು. ನಾನು ಬಾಯಲ್ಲಿ ಹೇಳಿ ಬಿಟ್ಟದ್ದು ಕಣ್ಣೆದುರು ಓಡುತ್ತಿತ್ತು.

ಆಗಲೇ ಕೊಳವೆಯ ಒಂದು ಜೋಡಣೆಯಲ್ಲಿ ಹಿತ್ತಾಳೆಯ ನಟ್ ಕಂಡಿತು. ಅದರ ಸುತ್ತ ಹಸಿರುನೀಲಿ ಕಲೆ. ಅಮೋನಿಯಾ ಹಿತ್ತಾಳೆಯನ್ನು ತಿನ್ನುತ್ತದೆ, ಅಲ್ಲಿ ಉಕ್ಕನ್ನೇ ಹಾಕಬೇಕು. ಇದು ಐಸ್ ಪ್ಲಾಂಟಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಮೂಗಿಗೆ ಸಣ್ಣಗೆ ಘಾಟೂ ಬಂತು.

ನಾನು ಬಾಯಿ ಬಿಡಲಿಲ್ಲ. ಸೋರಲಿ ಅನ್ನಿಸಿತು, ಮೇಡಂ ಎದುರೇ ಸೋರಲಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಘಾಟು ತಾಗದ ಕಡೆಗೆ ಹೋಗಿ ನಿಂತೆ. ಇಷ್ಟನ್ನು ಬರೆಯಬೇಕೇ ಬೇಡವೇ ಎಂದು ಬಹಳ ಯೋಚಿಸಿದ್ದೇನೆ.

ಶ್ವೇತಾ ಅಳತೆ ನೋಡಲು ಆ ನಟ್ಟಿನ ಪಕ್ಕವೇ ಬಗ್ಗಿದರು. ಅವರ ಮುಖಕ್ಕೂ ಅದಕ್ಕೂ ಒಂದು ಗೇಣು. ನಾನು ಓಡಿ ಹೋಗಿ ಅವರನ್ನು ಹಿಂದಕ್ಕೆ ಎಳೆದು, ಸಿಲಿಂಡರಿನ ತಿರುಪು ಮುಚ್ಚಿದೆ. ಮತ್ತೆ ಕಪ್ಪು ಹೊಗೆ ಎದ್ದಿತು.

"ಯಾರು ಮುಚ್ಚಲಿಕ್ಕೆ ಹೇಳಿದ್ದು ನಿನಗೆ?" ವಾಮನ ಗದರಿದ. "ನಿನಗೆ ಹೊಟ್ಟೆಕಿಚ್ಚು ಉಂಟು ಅಂತ ನನಗೆ ಗೊತ್ತುಂಟು."

"ಉಂಟು," ಎಂದೆ. "ಎಂಜಿನ್ ನಿಲ್ಲಿಸು. ಸ್ಪ್ಯಾನರ್ ಕೊಡು."

ಉಳಿದ ಅನಿಲ ಹೋಗುವವರೆಗೆ ಕಾದು, ಒದ್ದೆ ಬಟ್ಟೆ ಮೂಗಿಗೆ ಕಟ್ಟಿ ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಅರ್ಧ ಸುತ್ತು ತಿರುಗುವ ಮೊದಲೇ ಅದು ಎರಡು ತುಂಡಾಯಿತು. ಉಕ್ಕಿನದ್ದು ಸಿಗಲಿಲ್ಲ, ಸಿಗುವವರೆಗೆಂದು ಹೋದ ವಾರ ಇದನ್ನು ಹಾಕಿದ್ದೆ ಎಂದು ವಾಮನ ತಡೆದು ತಡೆದು ಹೇಳಿದ. ಆಮೇಲೆ ಅವನೇ ಶ್ವೇತಾರ ಕಡೆ ತಿರುಗಿದ.

"ಮೇಡಂ, ಅಮೋನಿಯಾ ಉರಿಯುತ್ತದೆ ಅಂತ ಮೊದಲು ಹೇಳಿದ್ದು ಇವನು. ಒಟ್ಟಿಗೆ ಮಾಡುವ ಬಾ ಅಂತ ಮೂರು ಸಲ ಕರೆದೆ. ತಿಂಗಳ ಸಂಬಳ ಬಿಟ್ಟು ಯಾರು ಬರುತ್ತಾರೆ ಅಂದ. ಅಲ್ವಾ?"

ಕರೆದದ್ದು ನಿಜ. ನಾನದನ್ನು ಮರೆತಿರಲಿಲ್ಲ, ನೆನೆಯುತ್ತಿರಲಿಲ್ಲ ಅಷ್ಟೆ. ಇಷ್ಟು ದಿನ ಅವನು ನನ್ನದನ್ನು ಕದ್ದ ಎಂದು ಉರಿಯುವುದು ಸುಲಭವಿತ್ತು. ಈಗ ಆ ಸುಲಭವೂ ಹೋಯಿತು.

ಪೇಟೆಯೆಲ್ಲ ಹುಡುಕಿ ಉಕ್ಕಿನ ನಟ್ ತಂದೆವು. ಅವನ ಮನೆಯಿಂದ ಬಂದ ಕುಚ್ಚಲಕ್ಕಿ ಗಂಜಿ, ಬಂಗುಡೆ ಮೀನಿನ ಪುಳಿಮುಂಚಿ ಸಾರು ಉಂಡು, ನಟ್ಟನ್ನು ನಾನೇ ಬಿಗಿದೆ. ಮೂರು ಗಂಟೆಗೆ ಎಂಜಿನ್ ಮತ್ತೆ ಓಡಿತು, ಘಾಟಿಲ್ಲದೆ. ಶ್ವೇತಾ ಲೆಕ್ಕ ಬರೆದುಕೊಂಡು ಮಣಿಪಾಲಕ್ಕೆ ಹೊರಟರು. ಅವರ ಕಾರಿನಲ್ಲಿ ಕೂರಲು ಮನಸ್ಸಾಗದೆ ನಾನು ಬಸ್ಸಿಗೇ ಹೋಗುತ್ತೇನೆಂದೆ.

ವಾಮನ ಬಸ್ ನಿಲ್ದಾಣದವರೆಗೆ ಬಂದ. "ಭಾನುವಾರ ಭಾನುವಾರ ಬಾ," ಎಂದ. ನೋಡುವ ಎಂದೆ. ಬಸ್ಸು ಹೊರಟಾಗ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಅವನು ಕೈ ಬೀಸಲು ನಿಂತಿರಲಿಲ್ಲ. ಆಗಲೇ ವರ್ಕ್‌ಶಾಪಿನ ದಾರಿ ಹಿಡಿದು, ಯಾರನ್ನೂ ನೋಡದೆ, ಬೇಗ ಬೇಗ ನಡೆಯುತ್ತಿದ್ದ. ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಕೆಲಸಕ್ಕೆ ಹಾಗೆ ನಡೆದು ಹೋದದ್ದಿಲ್ಲ.